ಟಿಕ್ಕಾ, ರೂಗರ್, ಸ್ಯಾವೇಜ್: ಕಡಿಮೆ ಬೆಲೆಯ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳಲ್ಲಿ ಗುರಿ ನಿಲ್ಲುವುದು ಯಾವುದರಲ್ಲಿ?

ಮೂರರಲ್ಲಿ ನನ್ನ ಆಯ್ಕೆ ಟಿಕ್ಕಾ ಟಿ3ಎಕ್ಸ್ ಲೈಟ್. ಮೂರರಲ್ಲಿ ದುಬಾರಿಯೂ ಅದೇ. ಅಮೆರಿಕದ ಅಂಗಡಿಗಳಲ್ಲಿ ಸ್ಯಾವೇಜ್ ಆ್ಯಕ್ಸಿಸ್ 2 ಸುಮಾರು 400 ಡಾಲರ್, ರೂಗರ್ ಅಮೆರಿಕನ್ 500ರ ಆಸುಪಾಸು. ಟಿಕ್ಕಾ 800 ದಾಟುತ್ತದೆ. ಹೆಚ್ಚಿಗೆ ಕೊಡುವ ಆ ದುಡ್ಡು ಒಳ್ಳೆಯ ಬ್ಯಾರೆಲ್‌ಗೆ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಬ್ಯಾರೆಲ್ ಮೂರರದ್ದೂ ಚೆನ್ನಾಗಿಯೇ ಇದೆ. ದುಡ್ಡು ಹೋಗುವುದು ಆ ಬ್ಯಾರೆಲನ್ನು ಹಿಡಿದುಕೊಂಡಿರುವ ಸ್ಟಾಕ್‌ಗೆ, ತೋಟಾ ಹೂಡುವ ಬೋಲ್ಟ್‌ಗೆ, ಟ್ರಿಗರ್‌ಗೆ. ಗುರಿ ಕೆಡುವುದೂ ಅಲ್ಲೇ.

ಹೋಲಿಕೆಗೆ ಇಟ್ಟುಕೊಂಡದ್ದು 6.5 ಕ್ರೀಡ್‌ಮೂರ್ ಎಂಬ ತೋಟಾದ ಅಳತೆ. ಮೂರರಲ್ಲೂ ಬ್ಯಾರೆಲ್ ಒಳಗಿನ ತಿರುವು 8 ಇಂಚಿಗೆ ಒಂದು ಸುತ್ತು, ಹಾಗಾಗಿ 140 ಗ್ರೇನ್ (ಸುಮಾರು 9 ಗ್ರಾಂ) ಗುಂಡಿನ ಒಂದೇ ಮ್ಯಾಚ್ ತೋಟಾವನ್ನು (ಸ್ಪರ್ಧೆಗೆಂದು ಮಾಡಿದ್ದು) ಮೂರಕ್ಕೂ ಹಾಕಬಹುದು. .308 ಅಳತೆಯ ತೋಟಾದಲ್ಲಿ ಹೋಲಿಸಲು ಹೊರಟರೆ ಟಿಕ್ಕಾದ್ದು 11 ಇಂಚಿನ ತಿರುವು, ಉಳಿದೆರಡರದ್ದು 10. ಗುಂಡಿನ ತೂಕ ಬದಲಾದಂತೆ ಲೆಕ್ಕವೂ ಬದಲಾಗುತ್ತದೆ.

ಅಳತೆಯ ಬಗ್ಗೆ ಒಂದು ಮಾತು, ಇದು ಗೊತ್ತಿರದೆ ಯಾವ ಹೋಲಿಕೆಯನ್ನೂ ನಂಬಬೇಡಿ. 1 ಎಂಒಎ (ಮಿನಿಟ್ ಆಫ್ ಆ್ಯಂಗಲ್, ಡಿಗ್ರಿಯ 60ನೇ ಒಂದು ಭಾಗ) ಅಂದರೆ 100 ಗಜದಲ್ಲಿ 1.047 ಇಂಚು. ಟಿಕ್ಕಾ ಕಂಪನಿ ಕೊಡುವ 1 ಎಂಒಎ ಭರವಸೆ 3 ಈಡಿನ ಗುಂಪಿಗೆ, ಅಂದರೆ ಗುರಿಹಲಗೆಯಲ್ಲಿ ಬಿದ್ದ 3 ತೂತುಗಳ ಹರವಿಗೆ, ಸಂಬಂಧಿಸಿದ್ದು. ಅದೇ ರೈಫಲ್, ಅದೇ ತೋಟಾ, ಅದೇ ಕೈ ಇದ್ದರೂ ಈಡು ಹೆಚ್ಚಿದಂತೆ ಗುಂಪು ಹಿಗ್ಗುತ್ತದೆ. ಸರಾಸರಿಯಲ್ಲಿ 3 ಈಡಿಗೆ 1 ಇಂಚು ಬರುವುದು 5 ಈಡಿಗೆ 1.27 ಇಂಚು, 10 ಈಡಿಗೆ 1.58 ಇಂಚು ಆಗುತ್ತದೆ. ರೈಫಲ್ ಕೆಟ್ಟು ಹೀಗಾಗುವುದಲ್ಲ, ಚೆದುರುವಿಕೆಯ ಗಣಿತವೇ ಹಾಗೆ. ಯಾರಾದರೂ 'ಅರ್ಧ ಇಂಚಿನ ರೈಫಲ್' ಅಂತ ಗುರಿಹಲಗೆಯ ಫೋಟೊ ತೋರಿಸಿದರೆ ಎಷ್ಟು ತೂತು ಅಂತ ಎಣಿಸಿ, ಉಳಿದ ಗುಂಪುಗಳ ಫೋಟೊ ಎಲ್ಲಿ ಅಂತ ಕೇಳಿ. ನಾನು ಕಡಿಮೆಯೆಂದರೆ 5 ಈಡಿನ ಗುಂಪು ನೋಡುತ್ತೇನೆ, ತೀರ್ಮಾನಕ್ಕೆ ಬರಬೇಕಾದರೆ 10.

ಈ ಅಳತೆಯಲ್ಲಿ ಮರಳುಚೀಲದ ಮೇಲಿಟ್ಟು ನಿಧಾನಕ್ಕೆ ಹೊಡೆದರೆ ಮೂರೂ ರೈಫಲ್ 5 ಈಡನ್ನು ಒಂದರಿಂದ ಒಂದೂವರೆ ಇಂಚಿನೊಳಗೆ ಕೂರಿಸುತ್ತವೆ. ತೋಟಾ ಬದಲಿಸಿದರೆ ಅವುಗಳ ಸ್ಥಾನ ಅದಲುಬದಲಾಗುವುದೂ ಉಂಟು. ಚೀಲ ತೆಗೆದು ಬೈಪಾಡ್ ಎಂಬ ಎರಡು ಕಾಲಿನ ಆಸರೆ ಹಾಕಿದಾಗ ಮಾತ್ರ ಕಥೆ ಬೇರೆ.

ಕಡಿಮೆ ಬೆಲೆಯ ರೈಫಲ್‌ನ ಸ್ಟಾಕ್ ಅಚ್ಚಿಗೆ ಸುರಿದು ತೆಗೆದ ಪ್ಲಾಸ್ಟಿಕ್. ಆ್ಯಕ್ಸಿಸ್‌ನದ್ದೂ ಅದೇ, ಮೊದಲ ತಲೆಮಾರಿನ ರೂಗರ್ ಅಮೆರಿಕನ್‌ನದ್ದೂ ಅದೇ. ಬ್ಯಾರೆಲ್ ಕೆಳಗಿನ ಫೋರ್‌ಎಂಡ್ ಒಳಗೆ ಟೊಳ್ಳು. ತೂಕ, ಖರ್ಚು ಎರಡೂ ಉಳಿಸಲು ತೆಳುವಾದ ಅಡ್ಡಪಟ್ಟಿಗಳನ್ನು ಮಾತ್ರ ಬಿಟ್ಟಿರುತ್ತಾರೆ. ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬ್ಯಾರೆಲ್ ಕಡೆಗೆ ಒತ್ತಿದರೆ ಇಂಥ ಸ್ಟಾಕ್ ಬಾಗುತ್ತದೆ, ಜೋರಾಗಿ ಒತ್ತಿದರೆ ಬ್ಯಾರೆಲ್‌ಗೆ ತಾಗಿಯೇ ಬಿಡುತ್ತದೆ. ಚೀಲವನ್ನು ಮ್ಯಾಗಜಿನ್‌ಗೆ ಹತ್ತಿರ ಇಟ್ಟಾಗ ಭಾರವೆಲ್ಲ ಸ್ಟಾಕಿನ ದಪ್ಪ ಭಾಗಕ್ಕೆ ಬೀಳುವುದರಿಂದ ಇದು ಗೊತ್ತೇ ಆಗುವುದಿಲ್ಲ. ಬೈಪಾಡ್ ಸಿಕ್ಕಿಸುವ ಸ್ಟಡ್ ಇರುವುದು ತುದಿಯಲ್ಲಿ. ಮಲಗಿ, ಹೆಗಲಿಂದ ಮುಂದಕ್ಕೆ ಒತ್ತಿದ ತಕ್ಷಣ ಭಾರವೆಲ್ಲ ಆ ತುದಿಗೆ ಹೋಗಿ ಪ್ಲಾಸ್ಟಿಕ್ ಮೇಲಕ್ಕೆ ಬಾಗುತ್ತದೆ.

ಇದರಲ್ಲಿ ಜನ ಮೋಸಹೋಗುವ ಜಾಗ ಒಂದಿದೆ. ಬ್ಯಾರೆಲ್‌ಗೆ ಸ್ಟಾಕ್ ತಾಗಿದರೆ ಗುಂಪು ಯಾವಾಗಲೂ ಚೆಲ್ಲಾಪಿಲ್ಲಿ ಆಗುತ್ತದೆ ಅಂತಿಲ್ಲ. ಪ್ರತಿ ಸಲವೂ ಒಂದೇ ಸಮ ಒತ್ತಿದರೆ ಗುಂಪು ಚಿಕ್ಕದಾಗಿಯೇ ಇರುತ್ತದೆ, ಜಾಗ ಮಾತ್ರ ಬದಲಾಗಿರುತ್ತದೆ. ಚೀಲದ ಮೇಲೆ ಸೊನ್ನೆ ಕೂರಿಸಿಕೊಂಡ (ಸ್ಕೋಪ್ ತೋರಿಸಿದ ಜಾಗಕ್ಕೇ ಗುಂಡು ಬೀಳುವಂತೆ ಹೊಂದಿಸಿಕೊಂಡ) ರೈಫಲ್ ಬೈಪಾಡ್ ಮೇಲೆ ಬೇರೆಲ್ಲೋ ಹೊಡೆಯುತ್ತದೆ, ಮತ್ತೆ ಚೀಲಕ್ಕೆ ಬಂದರೆ ಹಳೆಯ ಜಾಗಕ್ಕೇ ಬರುತ್ತದೆ. ಆಗ ಎಲ್ಲರೂ ಬೈಯುವುದು ಸ್ಕೋಪನ್ನು. ಸ್ಕೋಪ್ ಬದಲಿಸುತ್ತಾರೆ, ಮೌಂಟ್ ಬದಲಿಸುತ್ತಾರೆ, ದುಡ್ಡು ಹೋಗುತ್ತದೆ, ತೊಂದರೆ ಅಲ್ಲೇ ಇರುತ್ತದೆ. ಬೆಲ್ಟನ್ನು ತೋಳಿಗೆ ಬಿಗಿದು ಹೊಡೆಯುವವರಿಗೂ ಇದೇ ಕಾಟ, ದಿಕ್ಕು ಮಾತ್ರ ತಿರುಗುಮುರುಗು: ಬೆಲ್ಟ್ ತುದಿಯನ್ನು ಕೆಳಕ್ಕೂ ಪಕ್ಕಕ್ಕೂ ಎಳೆಯುತ್ತದೆ.

ಪರೀಕ್ಷೆ ಸುಲಭ. ಖಾಲಿ ರೈಫಲ್, ಬೋಲ್ಟ್ ಹೊರಗೆ. ಒಂದು ನೋಟನ್ನು ಬ್ಯಾರೆಲ್ ಮತ್ತು ಸ್ಟಾಕ್ ನಡುವೆ ತುದಿಯಿಂದ ರಿಸೀವರ್ (ಬೋಲ್ಟ್ ಕೂರುವ ಲೋಹದ ಭಾಗ) ತನಕ ಎಳೆಯಿರಿ. ಸಲೀಸಾಗಿ ಹೋಯಿತು ಅಂತ ಅಲ್ಲಿಗೇ ಬಿಡಬೇಡಿ. ಬೈಪಾಡ್ ಹಾಕಿ, ಮಲಗಿ, ಹೊಡೆಯುವಾಗ ಎಷ್ಟು ಒತ್ತುತ್ತೀರೋ ಅಷ್ಟೇ ಒತ್ತಿಕೊಂಡಿದ್ದು ಪಕ್ಕದಲ್ಲಿರುವವರಿಂದ ನೋಟು ಎಳೆಸಿ. ಆಗ ಸಿಕ್ಕಿಹಾಕಿಕೊಂಡರೆ ರೋಗ ಇದೇ.

ಮದ್ದು ಇದೆ, ಕ್ರಮ ತಪ್ಪಬಾರದು ಅಷ್ಟೆ. ಮೊದಲು ಸ್ಟಾಕಿನ ಕಾಲುವೆಯನ್ನು ಉಜ್ಜಿ ಅಗಲ ಮಾಡಲು ಹೋಗುವವರೇ ಹೆಚ್ಚು. ಉಜ್ಜಿದಷ್ಟೂ ಗೋಡೆ ತೆಳುವಾಗಿ ಇನ್ನಷ್ಟು ಬಾಗುತ್ತದೆ. ಮೊದಲು ಗಟ್ಟಿ ಮಾಡಬೇಕು, ಆಮೇಲೆ ಉಜ್ಜಬೇಕು. ಸ್ಟಾಕ್ ಬಿಚ್ಚಿ, ಫೋರ್‌ಎಂಡ್ ಒಳಗಿನ ಅಡ್ಡಪಟ್ಟಿಗಳಲ್ಲಿ ತೋಡು ಕೊರೆದು, ಉದ್ದಕ್ಕೆ ಎರಡು ಹಳೆಯ ಅಲ್ಯೂಮಿನಿಯಂ ಅಥವಾ ಕಾರ್ಬನ್ ಬಾಣದ ಕಡ್ಡಿ ಕೂರುವಂತೆ ಮಾಡಿ. ಈ ಪ್ಲಾಸ್ಟಿಕ್‌ಗೆ ಎಪಾಕ್ಸಿ ಸರಿಯಾಗಿ ಕಚ್ಚುವುದಿಲ್ಲ. ಹಾಗಾಗಿ ಒಳಮೈಯನ್ನು 80 ನಂಬರ್ ಮರಳುಕಾಗದದಲ್ಲಿ ಒರಟು ಮಾಡಿ, ಪಟ್ಟಿಗಳಿಗೆ 3-4 ಮಿಲಿಮೀಟರ್ ತೂತು ಕೊರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ತೂತಿನೊಳಗೆ ಹರಿದು ಗಟ್ಟಿಯಾದ ಎಪಾಕ್ಸಿ ಗೂಟ ಹೊಡೆದಂತೆ ಹಿಡಿದುಕೊಳ್ಳುತ್ತದೆ. ಸ್ಟಡ್‌ನ ನಟ್ ಇರುವ ಜಾಗವನ್ನು ಆಟದ ಜೇಡಿಯಿಂದ ಮುಚ್ಚಿ, ಇಲ್ಲದಿದ್ದರೆ ಅದು ಶಾಶ್ವತವಾಗಿ ಒಳಗೇ ಉಳಿಯುತ್ತದೆ. ರಿಸೀವರ್ ಕೂರುವ ಜಾಗಕ್ಕೆ ಒಂದು ಹನಿಯೂ ಹೋಗಬಾರದು.

ಎಪಾಕ್ಸಿ ನಿಧಾನಕ್ಕೆ ಗಟ್ಟಿಯಾಗುವ, 24 ಗಂಟೆಯದ್ದೇ ಆಗಿರಲಿ. ಐದು ನಿಮಿಷದ್ದನ್ನು ಒಮ್ಮೆಗೇ ದಪ್ಪಕ್ಕೆ ಸುರಿದರೆ ಅದರ ಕಾವಿಗೆ ತೆಳು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಮತ್ತೆ ನೇರ ಮಾಡಲು ಬರುವುದಿಲ್ಲ. ಎರಡು ಪದರವಾಗಿ ಸುರಿಯಿರಿ, ಸ್ಟಾಕ್ ಮಟ್ಟಸವಾಗಿ ನಿಂತಿರಲಿ, ಬ್ಯಾರೆಲ್ ಕಾಲುವೆಯ ಮಟ್ಟಕ್ಕಿಂತ ಕೆಳಗೇ ನಿಲ್ಲಿಸಿ. ಪೂರ್ತಿ ಗಟ್ಟಿಯಾದ ಮೇಲೆ ಬ್ಯಾರೆಲ್‌ಗಿಂತ ಕೊಂಚ ದಪ್ಪದ ಕೋಲಿಗೆ ಮರಳುಕಾಗದ ಸುತ್ತಿ, ಸುತ್ತಲೂ ಕಡಿಮೆಯೆಂದರೆ 2 ಮಿಲಿಮೀಟರ್ ಸಂದು ಬರುವಂತೆ ಉಜ್ಜಿ. ಖರ್ಚು 30 ಡಾಲರ್ ಒಳಗೆ. ಹೆಚ್ಚುವ ತೂಕ 150 ಗ್ರಾಂ ಆಸುಪಾಸು, ಅದೂ ಮುಂಭಾಗದಲ್ಲಿ, ಬೆಂಚಿನ ಮೇಲೆ ಹೊಡೆಯುವವರಿಗೆ ಅದು ಲಾಭವೇ.

ಊರಿನಲ್ಲಿ ಲೈಸೆನ್ಸ್ ಮೇಲೆ .315 ಬೋಲ್ಟ್ ಆ್ಯಕ್ಷನ್ ಇಟ್ಟುಕೊಂಡವರಿಗೂ ನೋಟಿನ ಪರೀಕ್ಷೆ ಬೇಕು. ಅಲ್ಲಿ ಪ್ಲಾಸ್ಟಿಕ್ ಬಾಗುವುದಲ್ಲ, ಮರ ಉಬ್ಬುವುದು. ಕೊಡಗು, ಮಲೆನಾಡಿನ ಮಳೆಗಾಲದಲ್ಲಿ ಪಾಲಿಶ್ ಹೋದ ಮರದ ಸ್ಟಾಕ್ ತೇವ ಕುಡಿದು ಬ್ಯಾರೆಲನ್ನು ಒತ್ತುತ್ತದೆ. ಬೇಸಿಗೆಯಲ್ಲಿ ಕೂರಿಸಿದ ಗುರಿ ಆಷಾಢದಲ್ಲಿ ಇರುವುದಿಲ್ಲ. ಹೊರಮೈಗಷ್ಟೇ ಅಲ್ಲ, ಕಾಲುವೆಯ ಒಳಗೂ ವಾರ್ನಿಶ್ ಹಚ್ಚಬೇಕು.

ಟಿಕ್ಕಾದ ಸ್ಟಾಕೂ ಪ್ಲಾಸ್ಟಿಕ್ಕೇ, ಆದರೆ ಗಾಜಿನ ನಾರು ಬೆರೆಸಿದ್ದು, ಬಾಗುವುದು ಕಡಿಮೆ. ಫಿನ್ಲೆಂಡಿನ ರೀಹಿಮಾಕಿಯಲ್ಲಿ ಸಾಕೊ ಕಾರ್ಖಾನೆಯಲ್ಲಿ ತಯಾರಾಗುವ ಇದನ್ನು ಪೆಟ್ಟಿಗೆಯಿಂದ ತೆಗೆದು ಸ್ಕೋಪ್ ಕೂರಿಸಿದರೆ ಆಯಿತು, ಮೇಲಿನ ಯಾವ ಕಸರತ್ತೂ ಬೇಡ. ರೂಗರ್‌ಗಿಂತ ಹೆಚ್ಚಿಗೆ ಕೊಡುವ ಆ 300 ಡಾಲರ್ ನನಗೆ ಸಾರ್ಥಕ ಅನಿಸುವುದು ಇಷ್ಟಕ್ಕೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ನೋಡಿಕೊಳ್ಳಿ: 2016ಕ್ಕೆ ಮುಂಚಿನ ಟಿ3ಯಲ್ಲಿ ಹಿಂದೊತ್ತನ್ನು ತಡೆಯುವ ಲಗ್ ಅಲ್ಯೂಮಿನಿಯಂನದ್ದು, ದೊಡ್ಡ ತೋಟಾದ ಏಟಿಗೆ ಅದು ನೆಗ್ಗುತ್ತದೆ. ಟಿ3ಎಕ್ಸ್‌ನಲ್ಲಿ ಉಕ್ಕಿನದ್ದು ಬಂದಿದೆ. ಹಳೆಯದಕ್ಕೂ ಉಕ್ಕಿನದ್ದನ್ನು ಹಾಕಿಸಬಹುದು, ಬೆಲೆ ಮಾತಾಡುವಾಗ ಇದು ನೆನಪಿರಲಿ.

ರೂಗರ್‌ನ ಬೆಡ್ಡಿಂಗ್ ಬಗ್ಗೆ ಮೆಚ್ಚುಗೆ ಹೇಳಲೇಬೇಕು. ರಿಸೀವರ್ ಕೂರುವುದು ಸ್ಟಾಕಿನೊಳಗೆ ಅಚ್ಚುಮಾಡಿದ ಎರಡು ಸ್ಟೇನ್‌ಲೆಸ್ ಉಕ್ಕಿನ ವಿ ಆಕಾರದ ತುಂಡುಗಳ ಮೇಲೆ. ಲಗ್‌ನ ಕೆಲಸವನ್ನೂ ಅವೇ ಮಾಡುತ್ತವೆ. ಈ ಬೆಲೆಗೆ ಲೋಹದ ಮೇಲೆ ಲೋಹ ಕೂರುವುದು ದೊಡ್ಡ ಮಾತು. ಫೋರ್‌ಎಂಡ್ ಒಂದನ್ನು ಗಟ್ಟಿ ಮಾಡಿದರೆ ರೂಗರ್ ಟಿಕ್ಕಾದ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತದೆ.

ಸ್ಯಾವೇಜ್‌ನ ಬಲ ಬ್ಯಾರೆಲನ್ನು ರಿಸೀವರ್‌ಗೆ ಬಿಗಿಯುವ ಬ್ಯಾರೆಲ್ ನಟ್‌ನಲ್ಲಿದೆ. 1958ರ ಮಾಡೆಲ್ 110ರಿಂದ ಬಂದ ಈ ವ್ಯವಸ್ಥೆಯಲ್ಲಿ ಗೋ, ನೋ-ಗೋ ಗೇಜ್ (ತೋಟಾ ಸರಿಯಾದ ಆಳಕ್ಕೆ ಕೂರುತ್ತದೆಯೇ ಎಂದು ನೋಡುವ ಅಳತೆಗೋಲು) ಮತ್ತು ನಟ್ ಪಾನೆ ಇದ್ದರೆ ಬ್ಯಾರೆಲನ್ನು ಮನೆಯಲ್ಲೇ ಬದಲಿಸಬಹುದು. ಬೋಲ್ಟಿನ ತಲೆ ಕೊಂಚ ಅಲುಗಾಡುವಂತೆ ಬಿಟ್ಟಿರುವುದು ದೋಷವಲ್ಲ, ಬೋಲ್ಟನ್ನು ಬೀಗದಂತೆ ಹಿಡಿಯುವ ಎರಡು ಲಗ್ಗೂ ಸಮನಾಗಿ ಕೂರಲಿ ಅಂತಲೇ ಹಾಗೆ ಮಾಡಿದ್ದು.

ಟ್ರಿಗರ್: ಟಿಕ್ಕಾ 2ರಿಂದ 4 ಪೌಂಡ್, ರೂಗರ್ 3ರಿಂದ 5, ಆ್ಯಕ್ಸಿಸ್ 2ರ ಆ್ಯಕ್ಯುಟ್ರಿಗರ್ ಎರಡೂವರೆಯಿಂದ 6. ಆ್ಯಕ್ಯುಟ್ರಿಗರ್‌ನ ನಡುವಿನ ಬ್ಲೇಡನ್ನು ಪೂರ್ತಿ ಒತ್ತದೆ ಪಕ್ಕದಿಂದ ಎಳೆದರೆ ಈಡು ಹಾರುವುದಿಲ್ಲ, ಬೋಲ್ಟ್ ಎತ್ತಿ ಮತ್ತೆ ಹೂಡಬೇಕು. ಅದು ಸುರಕ್ಷತೆಗೆ ಇರುವುದು, ಕೆಟ್ಟಿದೆ ಅಂದುಕೊಳ್ಳಬೇಡಿ. '2' ಇಲ್ಲದ ಬರೀ ಆ್ಯಕ್ಸಿಸ್‌ನ ಟ್ರಿಗರ್ ಹೊಂದಿಸಲು ಬರುವುದಿಲ್ಲ, ಅದನ್ನು ಕೊಳ್ಳಬೇಡಿ.

ಬೋಲ್ಟಿನ ನುಣುಪು ಗುರಿಗೆ ನೇರವಾಗಿ ಏನೂ ಮಾಡುವುದಿಲ್ಲ. ಆದರೆ ಟಿಕ್ಕಾದ ಬೋಲ್ಟನ್ನು ಕೆನ್ನೆ ಎತ್ತದೆ ಎಳೆಯಬಹುದು, ಕೆನ್ನೆ ಒಂದೇ ಕಡೆ ಇದ್ದರೆ ಮುಂದಿನ ಈಡು ಅಲ್ಲೇ ಬೀಳುತ್ತದೆ.

ಯಾವುದನ್ನೇ ಕೊಂಡರೂ ಮನೆಗೆ ತಂದ ದಿನವೇ ರಿಸೀವರನ್ನು ಸ್ಟಾಕ್‌ಗೆ ಬಿಗಿಯುವ ಸ್ಕ್ರೂ ನೋಡಿ. ರೈಫಲನ್ನು ನೆಟ್ಟಗೆ ನಿಲ್ಲಿಸಿ, ಸ್ಟಾಕಿನ ಹಿಂತುದಿ ನೆಲಕ್ಕೆ. ಹಿಂದೊತ್ತು ತಡೆಯುವ ಲಗ್ ಹಿಂದಕ್ಕೆ ಒತ್ತಿ ಕೂರುವಂತೆ ಬ್ಯಾರೆಲನ್ನು ಕೆಳಕ್ಕೆ ಅದುಮಿ, ಮೊದಲು ಮುಂದಿನ ಸ್ಕ್ರೂ, ಆಮೇಲೆ ಹಿಂದಿನದು, ಆಯಾ ರೈಫಲ್‌ನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ. ಸ್ಕೋಪ್ ಸೇರಿಸಿಯೇ ಮಾರುವ ಪ್ಯಾಕೇಜ್ ಆದರೆ ಸ್ಕೋಪನ್ನು ಹಿಡಿಯುವ ರಿಂಗ್, ಬೇಸ್ ಎಲ್ಲವನ್ನೂ ಬಿಚ್ಚಿ, ಎಣ್ಣೆ ಒರೆಸಿ ಮತ್ತೆ ಕೂರಿಸಿ. ರಿಂಗಿನ ಮೇಲ್ಭಾಗದ ಸ್ಕ್ರೂಗೆ 15ರಿಂದ 18 ಇಂಚ್-ಪೌಂಡ್ ಸಾಕು, ಅದಕ್ಕಿಂತ ಹೆಚ್ಚು ಬಿಗಿದರೆ ಸ್ಕೋಪಿನ ಕೊಳವೆ ನೆಗ್ಗುತ್ತದೆ. ಇಂಚ್-ಪೌಂಡ್ ಸ್ಕ್ರೂಡ್ರೈವರ್ ಇಲ್ಲದೆ 'ಕೈಯಂದಾಜು' ಮಾಡುವವರ ರೈಫಲ್‌ಗಳೇ ಹೆಚ್ಚಾಗಿ ಎರಡು ಇಂಚು ಚೆಲ್ಲುವುದು.

ಮೂರರ ಬ್ಯಾರೆಲೂ ತೆಳು. ಬಿಡದೆ 5-6 ಈಡು ಹೊಡೆದರೆ ಮುಟ್ಟಲಾಗದಷ್ಟು ಕಾಯುತ್ತದೆ, ಬಿಸಿಗಾಳಿ ಸ್ಕೋಪಿನ ಮುಂದೆ ಕುಣಿಯುತ್ತದೆ, ಗುಂಪು ಮೇಲಕ್ಕೆ ಎಳೆಯುತ್ತಾ ಹೋಗುತ್ತದೆ. 10 ಈಡಿನ ಗುಂಪು ಬೇಕಾದರೆ ನಡುನಡುವೆ ಆರಲು ಬಿಟ್ಟು ಹೊಡೆಯಿರಿ. ಲಂಬವಾಗಿ ಎಳೆದ ಗುಂಪು ಕಂಡರೆ ಮೊದಲು ಕಾವು, ಆಮೇಲೆ ಸ್ಟಾಕ್ ತಾಗುವಿಕೆ ನೋಡಿ. ಅಡ್ಡಕ್ಕೆ ಎಳೆದರೆ ಗಾಳಿ ಅಥವಾ ನಿಮ್ಮ ಬೆರಳು.

ನನ್ನ ರೂಢಿ ಬೆಂಚ್ ಮತ್ತು ಬೈಪಾಡ್ ಎರಡೂ. ಎರಡಕ್ಕೂ ಒಂದೇ ಸೊನ್ನೆ ನಿಲ್ಲಬೇಕು, ಸ್ಟಾಕ್ ಬಿಚ್ಚಿ ಅಂಟು ಸುರಿಯುತ್ತ ಕೂರಲು ಮನಸ್ಸಿಲ್ಲ. ಹಾಗಾಗಿ ಟಿಕ್ಕಾ. ಬೈಪಾಡ್ ಮುಟ್ಟುವುದೇ ಇಲ್ಲ, ಚೀಲದ ಮೇಲಷ್ಟೇ ಹೊಡೆಯುವುದು ಅನ್ನುವವರು ಆ್ಯಕ್ಸಿಸ್ 2 ತೆಗೆದುಕೊಂಡು ಉಳಿದ 400 ಡಾಲರನ್ನು ತೋಟಾಕ್ಕೆ ಹಾಕಲಿ. 20ರ ಮ್ಯಾಚ್ ತೋಟಾ ಪೆಟ್ಟಿಗೆ 35-40 ಡಾಲರ್ ಲೆಕ್ಕದಲ್ಲಿ ಹತ್ತು ಪೆಟ್ಟಿಗೆ ಬರುತ್ತದೆ. ಒಟ್ಟು ಬಜೆಟ್ 550 ಡಾಲರ್, ಕೈಯಲ್ಲಿ ಕೆಲಸ ಮಾಡಲು ಇಷ್ಟ ಅನ್ನುವವರಿಗೆ ರೂಗರ್ ಮತ್ತು ಎರಡು ಟ್ಯೂಬ್ ಎಪಾಕ್ಸಿ.