ಲೆಷರ್ ಬ್ಯಾಟರಿ ಅಂತ ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ

ಕ್ಯಾಂಪರ್ ವ್ಯಾನ್‌ನಲ್ಲಿ ಫ್ರಿಜ್ ಓಡಿಸೋಕೆ ಬ್ಯಾಟರಿ ಹುಡುಕುತ್ತಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ. ನನಗೆ ಹಾಕಿದ ಟೋಪಿ ನಿಮಗೆ ಬೇಡ.

ನಾನು ಕೇಳಿದ್ದು 110 ಆಂಪ್ ಅವರ್ (ಅಂದರೆ ಎಷ್ಟು ಕರೆಂಟ್ ತುಂಬಿಕೊಳ್ಳುತ್ತೆ ಅನ್ನೋ ಲೆಕ್ಕ) ಲೆಷರ್ ಬ್ಯಾಟರಿ, ಅಂದರೆ ಗಂಟೆಗಟ್ಟಲೆ ನಿಧಾನವಾಗಿ ಕರೆಂಟ್ ಕೊಡುವಂಥದ್ದು. ಯಾವ ಕೆಲಸಕ್ಕೆ ಅಂತ ಬಾಯಿಬಿಟ್ಟು ಹೇಳಿದ್ದೆ. 12 ವೋಲ್ಟ್ ಕಂಪ್ರೆಸರ್ ಫ್ರಿಜ್. ಓಡುವಾಗ 4 ಆಂಪ್ ಎಳೆಯುತ್ತದೆ, ತಣ್ಣಗಾದ ಮೇಲೆ ನಿಂತು ನಿಂತು ಓಡುತ್ತದೆ. ದಿನಕ್ಕೆ 40 ಆಂಪ್ ಅವರ್ ಅಂತ ಇಟ್ಟುಕೊಳ್ಳಿ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಸರಿ. ಆದರೂ 55 ಸಿಗಬೇಕು, ಒಂದು ದಿನಕ್ಕಂತೂ ಸಾಕು ಅಲ್ವಾ? "ಎರಡು ದಿನ ಚಾರ್ಜರ್ ಮುಟ್ಟೋದೇ ಬೇಡ ಸರ್" ಅಂತ ಬೇರೆ ಅಂದಿದ್ದ ಬ್ಯಾಟರಿ ಮಾರಿದವನು.

ಬೆಳಗಾಗುವ ಮೊದಲೇ ಫ್ರಿಜ್ ಬಂದ್! ಮಧ್ಯಾಹ್ನಕ್ಕೆ ಹಾಲು ಒಡೆದಿತ್ತು. ಜೊತೆಗೆ ಬಂದವರ ಮುಂದೆ ಹೊಸ ಬ್ಯಾಟರಿ ಬಗ್ಗೆ ಜಂಬ ಕೊಚ್ಚಿಕೊಂಡಿದ್ದೆ ಬೇರೆ. ಮುಖ ಎಲ್ಲಿಡೋದು?

ಫೋನ್ ಮಾಡಿದರೆ "ನಿಮ್ಮ ಫ್ರಿಜ್ ಜಾಸ್ತಿ ಎಳೀತಿದೆ ಸರ್." ಅಳೆದೆ, ಅದೇ 4 ಆಂಪ್. "ಹಾಗಾದ್ರೆ ವೈರ್ ಸಣ್ಣದು." ಫ್ರಿಜ್ ಓಡುವಾಗಲೇ ಮಲ್ಟಿಮೀಟರ್ ಇಟ್ಟೆ. ಬ್ಯಾಟರಿಗೂ ಫ್ರಿಜ್ ಪ್ಲಗ್‌ಗೂ 0.2 ವೋಲ್ಟ್ ವ್ಯತ್ಯಾಸ, ಅಷ್ಟೇ. "ಬಾಗಿಲು ಪದೇ ಪದೇ ತೆಗೀತೀರೇನೋ." ರಾತ್ರಿ ಮಲಗಿದ್ದೆವು ಮಾರಾಯ! ಕೊನೆಗೆ ಹೇಳಿದ್ದು ಕೇಳಿ: "ಫ್ರಿಜ್‌ನ ವೋಲ್ಟೇಜ್ ಕಟ್‌ಆಫ್ ಲೋ ಮಾಡಿ ಸರ್, ಓಡುತ್ತೆ." ಬ್ಯಾಟರಿ ಪೂರ್ತಿ ಬರಿದಾಗಿ ಸಾಯದಿರಲಿ ಅಂತಲೇ ಆ ಕಟ್‌ಆಫ್ ಇರೋದು. ಅದನ್ನು ಇಳಿಸಿ ಬ್ಯಾಟರಿ ಸತ್ತರೆ, ಆಮೇಲೆ ತಪ್ಪು ನನ್ನ ತಲೆಗೆ. ಎಷ್ಟು ಬುದ್ಧಿ ನೋಡಿ.

ಪರೀಕ್ಷೆ ಮಾಡಿಸೋಣ ಅಂತ ಬ್ಯಾಟರಿ ಹೊರಗೆ ತೆಗೆದೆ. ಒಂದೇ ಕೈಗೆ ಬಂತು. ಆಗಲೇ ಅನುಮಾನ ಬಂತು. 110 ಆಂಪ್ ಅವರ್ ಲೆಡ್ ಬ್ಯಾಟರಿ 25 ಕಿಲೋ ಹತ್ತಿರ ತೂಗುತ್ತದೆ, ಇದು ತೂಗಿದ್ದು 15. ಸ್ಟಿಕ್ಕರ್‌ನ ಮೂಲೆ ಎದ್ದಿತ್ತು, ಉಗುರಿನಿಂದ ಎಳೆದೆ. ಕೆಳಗೆ ಅಚ್ಚು ಹಾಕಿದ್ದು: 60 ಆಂಪ್ ಅವರ್, ಪಕ್ಕದಲ್ಲಿ ಸಿಸಿಎ ಸಂಖ್ಯೆ, ಅಂದರೆ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡೋಕೆ ಎಷ್ಟು ಕರೆಂಟ್ ಕೊಡುತ್ತೆ ಅನ್ನೋದು. ಕಾರ್ ಸ್ಟಾರ್ಟ್ ಮಾಡುವ ಬ್ಯಾಟರಿ! ಒಳಗೆ ತೆಳು ಪ್ಲೇಟ್‌ಗಳು, ಕೆಲವೇ ಸೆಕೆಂಡ್ ಜೋರಾಗಿ ಕರೆಂಟ್ ಕೊಡೋಕೆ ಮಾಡಿದ್ದು. ರಾತ್ರಿಯಿಡೀ ಫ್ರಿಜ್ ಓಡಿಸಿ ಬರಿದು ಮಾಡುತ್ತಿದ್ದರೆ ಬೇಗ ಹಾಳಾಗುತ್ತದೆ. ಕೈಯಲ್ಲಿ ಸ್ಟಿಕ್ಕರ್ ಹಿಡಿದು ಸುಮ್ನೆ ನಿಂತುಬಿಟ್ಟೆ. ಅಷ್ಟು ದಿನ ವೈರ್, ಬಾಗಿಲು, ಫ್ರಿಜ್ ಅಂತ ಅವನು ಕುಣಿಸಿದಂತೆಲ್ಲ ಕುಣಿದಿದ್ದೆನಲ್ಲ!

ಫೋಟೋ ಕಳಿಸಿದೆ. ಉತ್ತರ ಬಂತು: "ಸ್ಟಿಕ್ಕರ್ ಕಿತ್ತರೆ ವಾರಂಟಿ ಇಲ್ಲ ಸರ್." ಆಮೇಲೆ ನನ್ನ ನಂಬರ್ ಬ್ಲಾಕ್.

ಕೊಳ್ಳುವ ಮೊದಲು ತೂಕ ಹಾಕಿ. ಸ್ಟಿಕ್ಕರ್ ಬಿಡಿ, ಡಬ್ಬಿ ಮೇಲೆ ಅಚ್ಚಾಗಿರೋದನ್ನು ಓದಿ. ಸಿಸಿಎ ದೊಡ್ಡದಾಗಿದ್ದು ಡೀಪ್ ಸೈಕಲ್ (ಪದೇ ಪದೇ ಆಳವಾಗಿ ಖಾಲಿ ಮಾಡಿ ಚಾರ್ಜ್ ಮಾಡಬಹುದಾದ ಬ್ಯಾಟರಿ) ಅನ್ನೋ ಮಾತೇ ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. "ಸ್ಟಿಕ್ಕರ್ ಮುಟ್ಟಬೇಡಿ" ಅನ್ನುವವನ ಹತ್ತಿರ ಅಂತೂ ಹೋಗಲೇಬೇಡಿ. ನನ್ನ ದುಡ್ಡು ಇನ್ನೂ ವಾಪಸ್ ಬಂದಿಲ್ಲ.