ಸ್ಪೀಡ್‌ವೇ: ಗ್ರ್ಯಾನ್ ಪ್ರೀ ನೋಡಬೇಕೋ, ನೇಷನ್ಸ್ ನೋಡಬೇಕೋ?

ಸ್ಪೀಡ್‌ವೇ ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ನಡೆಯುವ ಬೈಕ್ ರೇಸ್. ಬ್ರೇಕ್ ಇಲ್ಲದ, ಒಂದೇ ಗೇರಿನ 500 ಸಿಸಿ ಬೈಕು. ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ರೇಸ್ ಮುಗಿದೇ ಹೋಗುತ್ತದೆ.

ಒಬ್ಬ ಸವಾರನನ್ನೇ ಹಚ್ಚಿಕೊಳ್ಳುವವರಿಗೆ ಗ್ರ್ಯಾನ್ ಪ್ರೀ ಸರಿ. ಇದು ಸವಾರರು ಒಬ್ಬೊಬ್ಬರಾಗಿ ಸೆಣಸುವ ಸರಣಿ. 1995ರಿಂದ ವಿಶ್ವ ಚಾಂಪಿಯನ್ ಇಲ್ಲೇ ತೀರ್ಮಾನವಾಗುತ್ತಾನೆ. ಆದರೆ ಸರಣಿಯ ಕೆಲವು ಸವಾರರನ್ನು ಆಯೋಜಕರೇ ಆರಿಸಿಕೊಳ್ಳುತ್ತಾರೆ. ಅದು ನನಗೆ ಹಿಡಿಸುವುದಿಲ್ಲ. ಟ್ರ್ಯಾಕಿನಲ್ಲೇ ಗೆದ್ದು ಬರಬೇಕು, ಅಲ್ವಾ?

ಸ್ಪೀಡ್‌ವೇ ಆಫ್ ನೇಷನ್ಸ್ ಶುರುವಾಗಿದ್ದು 2018ರಲ್ಲಿ. ದೇಶಕ್ಕೊಂದು ಜೋಡಿ, ಜೊತೆಗೆ ಒಬ್ಬ ಮೀಸಲು ಸವಾರ. ಅಂಕ 4-3-2-0. ಎರಡನೇ, ಮೂರನೇ ಸ್ಥಾನ ಹಿಡಿದ ಜೋಡಿಗೆ 5. ಮೊದಲ ಮತ್ತು ಕೊನೆಯ ಸ್ಥಾನ ಪಡೆದ ಜೋಡಿಗೆ ಬರೀ 4! ಹಾಗಾಗಿ ಮುಂದಿರುವವನು ಜೊತೆಗಾರ ಎಲ್ಲಿದ್ದಾನೆ ಅಂತ ತಿರುಗಿ ನೋಡುತ್ತಲೇ ಓಡಿಸಬೇಕು. ಝ್ಮಾರ್ಜ್ಲಿಕ್‌ನಂಥ ವಿಶ್ವ ಚಾಂಪಿಯನ್ ಇದ್ದರೂ ಪೋಲೆಂಡ್ 2025ರದ್ದೂ ಸೇರಿ ಅಲ್ಲಿಯವರೆಗೆ ಒಮ್ಮೆಯೂ ಇದನ್ನು ಗೆದ್ದಿರಲಿಲ್ಲ. ಮೊದಲು ಇದನ್ನೇ ನೋಡಿ.