ಬೆನ್ನಿನ ಗಾಳಿ ಪಟ್ಟಿ ಹೊಲಿಸಿದ ಮೇಲೆ: ಒಂದು ಸಫಾರಿ ಅಂಗಿಯ ಜೊತೆ ನಾಲ್ಕು ಸೀಸನ್

ಈ ಅಂಗಿಯ ಬೆನ್ನ ಮೇಲೆ ಗಾಳಿಯಾಡಲಿ ಅಂತ ಒಂದು ಪಟ್ಟಿ ಬಿಟ್ಟಿದ್ದಾರೆ. ಎರಡು ಭುಜದ ನಡುವೆ, ಮೇಲೆ ಹೊಲಿಗೆ, ಕೆಳಗೆ ತೆರೆದೇ ಇದೆ. ಪಟ್ಟಿ ಎತ್ತಿ ನೋಡಿದರೆ ಒಳಗೆ ತೆಳುವಾದ ಜಾಲರಿ ಬಟ್ಟೆ. ಆ ಜಾಲರಿಯ ಬಣ್ಣ ಕಡು ನೀಲಿ. ನಾನು ಈ ವಿಮರ್ಶೆ ಬರೆಯಲು ಕೂತಿದ್ದೇ ಆ ಪಟ್ಟಿಯ ಸಲುವಾಗಿ. ಉಳಿದಂತೆ ಅಂಗಿ ಬಹಳ ಒಳ್ಳೆಯದು, ಅದನ್ನೂ ಹೇಳುತ್ತೇನೆ.

ನಾನು ಬೇಟೆಯವನಲ್ಲ. ಇರುವುದು ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ. ಕಾಡಿನ ಕ್ಯಾಂಪುಗಳ ಸೋಲಾರ್, ಜನರೇಟರ್, ಮಾಂಸ ಇಡುವ ಫ್ರೀಜರ್ ಇವನ್ನೆಲ್ಲ ನೋಡಿಕೊಳ್ಳುವ ಕೆಲಸ. 2021ರಿಂದ ಸತತ ನಾಲ್ಕು ವರ್ಷ ಸೆಲೂ ಕಾಡಿನ ಬೇಟೆ ಕ್ಯಾಂಪಿಗೆ ಹೋಗಿದ್ದೇನೆ. 2019ರಲ್ಲಿ ಸೆಲೂವಿನ ಉತ್ತರದ ದೊಡ್ಡ ಭಾಗ ನ್ಯೆರೆರೆ ರಾಷ್ಟ್ರೀಯ ಉದ್ಯಾನ ಆಯ್ತು. ಉಳಿದ ಭಾಗದಲ್ಲಿ ಲೈಸೆನ್ಸ್ ಮೇಲೆ ಬೇಟೆ ಇನ್ನೂ ನಡೆಯುತ್ತದೆ. ನಮ್ಮ ದೇಶದಲ್ಲಿ 1972ರ ಕಾಯ್ದೆ ಬಂದು ಬೇಟೆ ನಿಂತ ಕಾರಣ, ಇಂಥ ಕ್ಯಾಂಪ್ ಹೇಗಿರುತ್ತೆ ಅಂತ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಕ್ಯಾಮೆರಾ ಹಿಡಿದು ಹೋಗುವವರಿಗೂ ಕೋವಿ ಹಿಡಿದು ಹೋಗುವವರಿಗೂ ನೊಣ ಒಂದೇ, ಬಿಸಿಲು ಒಂದೇ, ಬಟ್ಟೆಯೂ ಹೆಚ್ಚು ಕಡಿಮೆ ಒಂದೇ. ನಾನಂತೂ ಸೀಸನ್ನಿಗೆ ಸುಮಾರು ಹತ್ತು ವಾರ ಅಲ್ಲೇ ಇರುತ್ತೇನೆ. ಓಡಾಟವೆಲ್ಲ ತೆರೆದ ಲ್ಯಾಂಡ್ ಕ್ರೂಸರ್ ಹಿಂಭಾಗದಲ್ಲಿ ನಿಂತುಕೊಂಡೇ.

ಅಂಗಿ ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಹೀಗೇ ಪಟ್ಟಿ ಬಿಟ್ಟ ಅಂಗಿಗಳು ಬೇರೆ ಕಡೆಯೂ ಇವೆ, ಕೊಳ್ಳುವಾಗ ಎತ್ತಿ ನೋಡಿ. ಬಣ್ಣ ಖಾಕಿ. ಬಟ್ಟೆಗೆ ಫ್ಯಾಕ್ಟರಿಯಲ್ಲೇ ಪರ್ಮೆಥ್ರಿನ್ ಎಂಬ ಕೀಟನಾಶಕ ಹಿಡಿಸಿರುತ್ತಾರೆ. 70 ಒಗೆತದವರೆಗೆ ಇರುತ್ತದೆ ಅಂತ ಚೀಟಿಯಲ್ಲಿ ಬರೆದಿದೆ. ಅಮೆರಿಕದಲ್ಲಿರುವ ಭಾವ ತಂದುಕೊಟ್ಟರು. ಅಂಗಿ, ಪ್ಯಾಂಟು ಎರಡು ಜೊತೆ ಸೇರಿ 22 ಸಾವಿರ ರೂಪಾಯಿ ಹತ್ತಿರ ಬಿತ್ತು. ನನ್ನ ಸಂಬಳಕ್ಕೆ ಇದು ಯೋಚನೆ ಮಾಡಿಯೇ ಖರ್ಚು ಮಾಡಬೇಕಾದ ದುಡ್ಡು.

ಇನ್ನು ಟ್ಸೆಟ್ಸೆ ನೊಣದ ವಿಷಯ. ಅಲ್ಲಿಯವರು ನ್ದೊರೊಬೊ ಅನ್ನುತ್ತಾರೆ. ನೋಡೋಕೆ ನಮ್ಮ ಕೊಟ್ಟಿಗೆ ನೊಣಕ್ಕಿಂತ ಸ್ವಲ್ಪ ದೊಡ್ಡದು. ಕೂತಾಗ ರೆಕ್ಕೆಯನ್ನು ಕತ್ತರಿ ಮಡಚಿದ ಹಾಗೆ ಒಂದರ ಮೇಲೊಂದು ಇಟ್ಟುಕೊಳ್ಳುತ್ತದೆ. ಇದು ಹಗಲಿನ ಪ್ರಾಣಿ. ಗಾಡಿ ನಿಧಾನವಾಗಿ ಹೋಗುವಾಗ ಅಟ್ಟಿಸಿಕೊಂಡು ಬರುತ್ತದೆ. ಕಚ್ಚಿದರೆ ಕಾದ ಸೂಜಿ ಚುಚ್ಚಿದ ಹಾಗೆ. ಅಂಗೈಯಲ್ಲಿ ಹೊಡೆದರೆ ಸಾಯುವುದಿಲ್ಲ, ಹಿಡಿದು ಹಿಸುಕಬೇಕು. ನಿದ್ರಾ ರೋಗ ಹರಡುವುದು ಇದೇ. ಎಲ್ಲ ನೊಣದಲ್ಲೂ ರೋಗ ಇರುವುದಿಲ್ಲ ನಿಜ. ಆದರೂ ಕಚ್ಚಿಸಿಕೊಂಡು ಬಂದ ಮೇಲೆ ಜ್ವರ ಬಂದರೆ ಸುಮ್ನೆ ಇರಬೇಡಿ. ಎಲ್ಲಿಗೆ ಹೋಗಿದ್ದೆ ಅಂತ ಡಾಕ್ಟರ್‌ಗೆ ಹೇಳಲೇಬೇಕು.

ಮೊದಲ ಸೀಸನ್ನಿನ ಎರಡನೇ ವಾರ. ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ಮೂರು ಗಂಟೆ ದಾರಿ. ಗಾಳಿಗೆ ಆ ಪಟ್ಟಿ ಪಟಪಟ ಅಂತ ಎದ್ದು ಬೀಳುತ್ತಿತ್ತು. ಅದು ಎದ್ದಾಗೆಲ್ಲ ನೊಣ ಒಳಗೆ ನುಗ್ಗುತ್ತಿತ್ತು. ನುಗ್ಗಿದ್ದಕ್ಕೆ ಹೊರಗೆ ದಾರಿ ಸಿಗದು, ಜಾಲರಿ ಮೂಲಕವೇ ಕಚ್ಚುತ್ತಿತ್ತು. ನನ್ನ ಕೈ ಅಲ್ಲಿಗೆ ಎಟುಕುವುದಿಲ್ಲ. ರಾತ್ರಿ ಟೆಂಟಿನಲ್ಲಿ ಮೊಬೈಲಿನಲ್ಲಿ ಬೆನ್ನಿನ ಫೋಟೋ ತೆಗೆಸಿಕೊಂಡು ನೋಡಿದೆ. 19 ಗಂಧೆ. ಕೆಲವು ಅಡಿಕೆ ಗಾತ್ರ ಊದಿದ್ದವು. ಪಟ್ಟಿ ಎಲ್ಲಿ ಮುಗಿಯುತ್ತದೋ, ಕಡಿತವೂ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಅಲ್ಲೇ ಮುಗಿದಿತ್ತು. ಕೆಳಗಿನ ಬೆನ್ನಿನ ಮೇಲೆ, ಅಂದರೆ ಎರಡು ಪದರ ಬಟ್ಟೆ ಸಡಿಲವಾಗಿ ಇದ್ದ ಕಡೆ, ಒಂದೂ ಇರಲಿಲ್ಲ.

ಅಂಗಿಯಲ್ಲಿ ಕೀಟನಾಶಕ ಇತ್ತಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ನಂಬಿಕೊಂಡಿದ್ದೆ. ಟ್ಸೆಟ್ಸೆಯ ಮುಂದೆ ಪರ್ಮೆಥ್ರಿನ್ ಅಷ್ಟಾಗಿ ನಡೆಯುವುದಿಲ್ಲ, ಕೀಟ ಬರದಂತೆ ಮೈಗೆ ಹಚ್ಚುವ ಡೀಟ್ ಕೂಡ ಅಷ್ಟೇ. ಅಲ್ಲಿ ಕಾಯುವುದು ಬಟ್ಟೆಯ ದಪ್ಪ, ಸಡಿಲ ಮತ್ತು ಬಣ್ಣ. ಕಾಡಿನ ದಾರಿ ಪಕ್ಕದ ಮರಗಳಲ್ಲಿ ನೀಲಿ, ಕಪ್ಪು ಬಟ್ಟೆಯ ಚೌಕಗಳನ್ನು ತೂಗುಹಾಕಿರುವುದು ನೋಡಿದ್ದೆ. ಏನೋ ಗಡಿ ಗುರುತು ಅಂದುಕೊಂಡಿದ್ದೆ. ಅದು ನೊಣಕ್ಕೆ ಇಟ್ಟ ಬಲೆ. ಟ್ಸೆಟ್ಸೆಗೆ ಕಡು ನೀಲಿ, ಕಪ್ಪು ಕಂಡರೆ ಸೆಳೆತ, ಅದಕ್ಕೇ ಆ ಬಟ್ಟೆಗೆ ಕೀಟನಾಶಕ ಅದ್ದಿ ಕಟ್ಟಿರುತ್ತಾರೆ. ಈಗ ಯೋಚನೆ ಮಾಡಿ. ನೊಣ ಹಿಡಿಯೋಕೆ ಬಳಸುವ ಬಣ್ಣವನ್ನೇ ತಂದು ಸಫಾರಿ ಅಂಗಿಯ ಬೆನ್ನಿಗೆ ಹಾಕಿದ್ದಾರೆ. ಅದೂ ಅತಿ ತೆಳು ಜಾಗದಲ್ಲಿ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಜೀನ್ಸ್ ಪ್ಯಾಂಟ್ ಬೇಡ, ಕಪ್ಪು ಟೀ ಶರ್ಟ್ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಪಟ್ಟಿ ಎತ್ತಿ ಒಳಗಿನ ಬಣ್ಣ ನೋಡು ಅಂತ ಯಾರೂ ಹೇಳಿರಲಿಲ್ಲ.

ಆ ಸೀಸನ್ ಪೂರ್ತಿ ಬೆನ್ನಿಗೆ ಟವೆಲ್ ಕಟ್ಟಿಕೊಂಡು ಓಡಾಡಿದೆ. ಡ್ರೈವರ್ ಒಂದು ಡಬ್ಬಿಯಲ್ಲಿ ಒಣಗಿದ ಆನೆ ಲದ್ದಿ ಹಾಕಿ, ಕೆಂಡ ಇಟ್ಟು, ಗಾಡಿ ಹಿಂದೆ ನೇತುಹಾಕುತ್ತಿದ್ದರು. ಆ ಹೊಗೆಗೆ ನೊಣ ಸ್ವಲ್ಪ ದೂರ ಇರುತ್ತಿತ್ತು. ನಮ್ಮ ತೀರ್ಥಹಳ್ಳಿ ಕಡೆ ಸಂಜೆ ಹೊತ್ತು ಕೊಟ್ಟಿಗೆಯಲ್ಲಿ ಹೊಗೆ ಹಾಕುತ್ತಿದ್ದ ವಾಸನೆಯೇ. ಕಣ್ಣು ಉರಿಯುತ್ತಿದ್ದರೂ ನನಗೆ ಅದು ಇಷ್ಟವಾಗುತ್ತಿತ್ತು.

ಸೀಸನ್ ಮುಗಿದು ದಾರ್‌ಗೆ ಬಂದ ಮೇಲೆ ಟೈಲರ್ ಹತ್ತಿರ ಹೋದೆ. ಅಲ್ಲಿ ಟೈಲರ್, ಮೆಕ್ಯಾನಿಕ್, ಬಡಗಿ, ಎಲ್ಲರೂ ಫುಂಡಿಯೇ. ಜಾಲರಿ ಪೂರ್ತಿ ಬಿಚ್ಚಿಸಿ ಆ ಜಾಗಕ್ಕೆ ಖಾಕಿ ಡ್ರಿಲ್ ಬಟ್ಟೆ ಹಾಕಿಸಿದೆ. ಪಟ್ಟಿಯ ಕೆಳಗಿನ ಬಾಯಿಗೆ ಎರಡು ಸಾಲು ಹೊಲಿಗೆ. ಗಾಳಿ ಆಡುವುದು ಕಡಿಮೆ ಆಯ್ತು, ಬೆವರು ಜಾಸ್ತಿ. ಅಕ್ಟೋಬರ್ ಬಿಸಿಲಲ್ಲಿ ಮಧ್ಯಾಹ್ನ ಬೆನ್ನು ಒದ್ದೆ ಆಗಿಯೇ ಇರುತ್ತದೆ. ಇರಲಿ. ಎರಡನೇ ಸೀಸನ್ ಪೂರ್ತಿ ಬೆನ್ನಿಗೆ ಬಿದ್ದ ಕಡಿತ ನಾಲ್ಕೋ ಐದೋ. ಅಲ್ಲಿಂದ ಮುಂದೆ ಈ ಅಂಗಿಯ ಮೇಲೆ ನನಗೆ ಪ್ರೀತಿ ಹುಟ್ಟಿತು.

ಯಾಕೆ ಅಂದರೆ ಉಣುಗಿನ ವಿಷಯದಲ್ಲಿ ಇದು ಮಾಡಿದ ಕೆಲಸ ನಾನು ಕಣ್ಣಾರೆ ನೋಡಿದ್ದೇನೆ. ನಾನು ಮಂಗನ ಕಾಯಿಲೆ ಇರುವ ಊರಿನವನು. ಅದು ಹರಡುವುದು ಉಣುಗಿನಿಂದ. ಕಾಡಿಗೆ ದರಗು, ಸೊಪ್ಪು ತರಲು ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚಲು ಆಸ್ಪತ್ರೆಯಿಂದ ಡೆಪಾ ಎಣ್ಣೆ ಕೊಡುತ್ತಿದ್ದರು. ಮನೆಗೆ ಬಂದ ಕೂಡಲೇ ಬಿಸಿ ನೀರು ಸ್ನಾನ, ಬಟ್ಟೆಯೂ ಬಿಸಿ ನೀರಿಗೆ. ಉಣುಗು ಅಂದರೆ ನಮಗೆ ಚಿಕ್ಕಂದಿನಿಂದಲೇ ಹೆದರಿಕೆ. ಆಫ್ರಿಕಾದಲ್ಲೂ ಉಣುಗಿನಿಂದ ಜ್ವರ ಬರುತ್ತದೆ. ಕಚ್ಚಿದ ಕಡೆ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಚಕ್ಕೆ ಕಟ್ಟುತ್ತದೆ. ಮಂಡಿ ಎತ್ತರದ ಹುಲ್ಲಲ್ಲಿ ಕೇಬಲ್ ಎಳೆದು ಬಂದು ಕೂತರೆ ಪ್ಯಾಂಟಿನ ಮೇಲೆ ಸಾಸಿವೆ ಕಾಳಿನಂಥ ಮರಿ ಉಣುಗು ಹತ್ತುವುದು ಕಾಣುತ್ತದೆ. ಈ ಬಟ್ಟೆಯ ಮೇಲೆ ಅದು ಒಂದು ಗೇಣು ಹತ್ತುವಷ್ಟರಲ್ಲಿ ತಡಬಡಾಯಿಸಿ, ಕಾಲು ಮಡಚಿ, ಉದುರಿ ಬೀಳುತ್ತದೆ. ಮೊದಲ ಸಲ ನೋಡಿದಾಗ ಅಮ್ಮನಿಗೆ ವಿಡಿಯೋ ಕಳಿಸಿದ್ದೆ. ನಮ್ಮೂರಲ್ಲಿ ಇಂಥ ಬಟ್ಟೆ ಸಿಗುವುದಿಲ್ಲವಾ ಅಂತ ಅಮ್ಮ ಕೇಳಿದರು. ಆ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ.

70 ಒಗೆತ ಅನ್ನುವುದು ಸುಳ್ಳಲ್ಲ. ಕ್ಯಾಂಪಿನಲ್ಲಿ ದಿನಾ ಬಟ್ಟೆ ಒಗೆಯುತ್ತಾರೆ. ಎರಡು ಜೊತೆ ಅದಲು ಬದಲು ಹಾಕಿದರೆ ಒಂದೊಂದಕ್ಕೆ ವಾರಕ್ಕೆ ಮೂರು ನಾಲ್ಕು ಒಗೆತ. ಹತ್ತು ವಾರಕ್ಕೆ 35 ಆಯ್ತು. ನಾನು ಡೈರಿಯ ಹಿಂದಿನ ಪುಟದಲ್ಲಿ ಗೀಟು ಹಾಕಿಕೊಳ್ಳುತ್ತಿದ್ದೆ. ಎರಡನೇ ಸೀಸನ್ ಕೊನೆಯಲ್ಲಿ ಉಣುಗು ಮಂಡಿ ದಾಟಿ ಹತ್ತಲು ಶುರು ಮಾಡಿತು. ಮೂರನೇ ವರ್ಷದಿಂದ ನಾನೇ 0.5 ಪರ್ಸೆಂಟ್ ಪರ್ಮೆಥ್ರಿನ್ ಸ್ಪ್ರೇ ಹೊಡೆಯುತ್ತೇನೆ. ಹೊರಡುವ ಮೂರು ದಿನ ಮೊದಲು ಬಾಲ್ಕನಿಯಲ್ಲಿ ಹ್ಯಾಂಗರಿಗೆ ಹಾಕಿ, ಗಾಳಿ ಇಲ್ಲದ ಹೊತ್ತು ನೋಡಿ, ಮುಂದೆ ಹಿಂದೆ ಒದ್ದೆ ಆಗುವಷ್ಟು ಹೊಡೆದು ನೆರಳಲ್ಲಿ ಒಣಗಿಸುವುದು. ಇದು ಬಟ್ಟೆಗೆ ಮಾತ್ರ, ಮೈಗೆ ಹಚ್ಚುವಂತಿಲ್ಲ. ಮನೆಯಲ್ಲಿ ಬೆಕ್ಕು ಇದ್ದರೆ ಹತ್ತಿರ ಬಿಡಬೇಡಿ, ಬೆಕ್ಕಿಗೆ ಇದು ವಿಷ. ಕೈಯಲ್ಲಿ ಹೊಡೆದದ್ದು ಸುಮಾರು ಆರು ಒಗೆತಕ್ಕೆ ಹೋಗುತ್ತದೆ, ಅಂದರೆ ಕ್ಯಾಂಪಿನಲ್ಲಿ ಎರಡೇ ವಾರ. ಹಾಗಾಗಿ ಬಾಟಲಿ ಜೊತೆಗೆ ಇರಲೇಬೇಕು. ಫ್ಯಾಕ್ಟರಿ ಬಟ್ಟೆಗೆ ಜಾಸ್ತಿ ದುಡ್ಡು ಕೊಡುವುದು ಯಾಕೆ ಅಂತ ನನಗೆ ಆಗಲೇ ಅರ್ಥವಾಗಿದ್ದು.

ಈಗ ಇಸ್ತ್ರಿ. ನನಗೆ ಆ ಕ್ಯಾಂಪಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಹೊತ್ತು ಅದು.

ಆಫ್ರಿಕಾದಲ್ಲಿ ಇನ್ನೊಂದು ನೊಣ ಇದೆ, ಪುಟ್ಸಿ ಅಥವಾ ಟುಂಬು ನೊಣ ಅನ್ನುತ್ತಾರೆ. ಒದ್ದೆ ಬಟ್ಟೆಯನ್ನು ನೆರಳಲ್ಲಿ ಹರವಿದರೆ ಅದರ ಮೇಲೆ ಮೊಟ್ಟೆ ಇಡುತ್ತದೆ. ಆ ಬಟ್ಟೆ ಹಾಕಿಕೊಂಡರೆ ಮರಿಹುಳ ಚರ್ಮದ ಒಳಗೆ ಹೋಗಿ ಬೆಳೆಯುತ್ತದೆ. ಮೊದಲ ವರ್ಷ ನನ್ನ ಬನಿಯನ್ನನ್ನು ಬೇರೆಯವರ ಕೈಲಿ ಒಗೆಸುವುದು ಬೇಡ ಅಂತ ನಾನೇ ಒಗೆದು ಟೆಂಟಿನ ಹಿಂದೆ ಹರವುತ್ತಿದ್ದೆ. ಹತ್ತು ದಿನಕ್ಕೆ ಸೊಂಟದ ಮೇಲೆ ಒಂದು ಕುರು. ನಡುವೆ ಸೂಜಿ ಮೊನೆಯಷ್ಟು ತೂತು. ಬಟ್ಟೆ ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ಮ್ಜೀ ಅಂತಲೇ ಕರೆಯುತ್ತಾರೆ, ಹಿರಿಯರಿಗೆ ಕೊಡುವ ಮರ್ಯಾದೆ ಅದು. ಅವರು ನೋಡಿದ ಕೂಡಲೇ "ಪೋಲೆ ಸಾನಾ, ಫುಂಡಿ" ಅಂದರು. ತುಂಬಾ ನೋವಾಯ್ತಲ್ಲಪ್ಪ ಅಂದ ಹಾಗೆ. ತೂತಿನ ಮೇಲೆ ದಪ್ಪಗೆ ವ್ಯಾಸಲೀನ್ ಹಚ್ಚಿ ಕೂರಿಸಿದರು. ಉಸಿರು ಕಟ್ಟಿ ಹುಳ ತಾನೇ ಹೊರಗೆ ತಲೆ ಹಾಕಿತು. ಮೆಲ್ಲಗೆ ಒತ್ತಿ ತೆಗೆದರು. ಅಕ್ಕಿ ಕಾಳಿಗಿಂತ ದಪ್ಪ ಇತ್ತು.

ಇಲ್ಲಿ ಒಂದು ಪೇಚು ಇದೆ. ಪರ್ಮೆಥ್ರಿನ್ ಬಿಸಿಲಿಗೆ ಹಾಳಾಗುತ್ತದೆ, ನೆರಳಲ್ಲಿ ಒಣಗಿಸಬೇಕು. ನೆರಳಲ್ಲಿ ಹಾಕಿದರೆ ಈ ನೊಣ. ಅದಕ್ಕೆ ಪರಿಹಾರ ಮ್ಜೀಯವರ ಇದ್ದಿಲ ಇಸ್ತ್ರಿ ಪೆಟ್ಟಿಗೆ. ಸಂಜೆ ನಾಲ್ಕಕ್ಕೆ ಅಡುಗೆ ಒಲೆಯಿಂದ ಕೆಂಡ ತಂದು ಪೆಟ್ಟಿಗೆಗೆ ತುಂಬುತ್ತಾರೆ. ಬಾಯಲ್ಲಿ ಊದಿ ಬೂದಿ ಹಾರಿಸುತ್ತಾರೆ. ಬಾಳೆ ಎಲೆಯ ತುಂಡಿನ ಮೇಲೆ ಒಂದು ಸಲ ಎಳೆದು ತಳ ಒರೆಸುತ್ತಾರೆ. ಆಮೇಲೆ ಕಾಲರ್, ತೋಳಿನ ಮಡಿಕೆ, ಪ್ಯಾಂಟಿನ ಸೊಂಟದ ಪಟ್ಟಿ, ಜೇಬಿನ ಒಳಗಿನ ಬಟ್ಟೆ. ದಪ್ಪ ಹೊಲಿಗೆ ಇರುವಲ್ಲೇ ಪೆಟ್ಟಿಗೆ ನಿಲ್ಲಿಸಿ ಮನಸ್ಸಿನಲ್ಲಿ ಎಣಿಸುತ್ತಾರೆ. ಕಾಲುಚೀಲವನ್ನೂ ಬಿಡುವುದಿಲ್ಲ. ನನ್ನ ಅಂಗಿಯ ಬೆನ್ನಿಗೆ ಹಾಕಿಸಿದ ಡ್ರಿಲ್ ತೇಪೆಗೆ ಎರಡು ಸಲ ಜಾಸ್ತಿ ಎಳೆಯುತ್ತಾರೆ. ಬಿಸಿ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ, ಇದ್ದಿಲ ವಾಸನೆ ಇರುತ್ತದೆ. ಸ್ನಾನ ಮಾಡಿ ಅದನ್ನು ಹಾಕಿಕೊಂಡು ಬೆಂಕಿಯ ಹತ್ತಿರ ಚಹಾ ಹಿಡಿದು ಕೂರುವ ಸುಖವನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

ಬ್ಯಾಗಿನ ಬಗ್ಗೆ ಎರಡು ಮಾತು. ಚಿಕ್ಕ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆಜಿ ಅಷ್ಟೇ, ಅದೂ ಮೆತ್ತನೆ ಬ್ಯಾಗು, ಚಕ್ರದ ಸೂಟ್‌ಕೇಸ್ ಆಗದು. ದಿನಾ ಒಗೆಯುವುದರಿಂದ ಮೂರು ಜೊತೆ ಬಟ್ಟೆ ಧಾರಾಳ ಸಾಕು. ನಾಲ್ಕು ಜೊತೆ ತಂದವರು ಒಂದನ್ನು ಬಿಚ್ಚುವುದೇ ಇಲ್ಲ. ಜುಲೈ ಬೆಳಗ್ಗೆ ತೆರೆದ ಗಾಡಿಯಲ್ಲಿ ಗಡಗಡ ನಡುಕ ಬರುತ್ತದೆ, ಒಂದು ಸ್ವೆಟರ್ ಬೇಕೇ ಬೇಕು. ಅಂಗಿ ಒಂದು ಸೈಜ್ ದೊಡ್ಡದೇ ತಗೊಳ್ಳಿ, ಮೈಗೆ ಅಂಟಿದರೆ ನೊಣಕ್ಕೆ ಸುಲಭ. ಸೈನ್ಯದವರ ಚುಕ್ಕಿ ಬಟ್ಟೆ ಬೇಡ. ಝಾಂಬಿಯಾ, ಜಿಂಬಾಬ್ವೆಯಲ್ಲಿ ಸಾಮಾನ್ಯ ಜನ ಅದನ್ನು ಹಾಕುವಂತಿಲ್ಲ. ಟಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಚೀಲ ನಿಷೇಧ, ಬಟ್ಟೆಯನ್ನು ಅಂಗಡಿಯ ಕವರಿನಲ್ಲಿ ಸುತ್ತಿ ಒಯ್ಯಬೇಡಿ. ಕಣಕಾಲಿಗೆ ಕಟ್ಟುವ ಗವಸು ಒಂದು ಜೊತೆ ಇರಲಿ, ಇಲ್ಲದಿದ್ದರೆ ಉತ್ತರಾಣಿಯಂಥ ಮುಳ್ಳುಬೀಜ ಕಾಲುಚೀಲದಿಂದ ಬಿಡಿಸುತ್ತಾ ಕೂರಬೇಕು.

ಸಂಜೆ ಸೊಳ್ಳೆಗೆ ಮುಖ, ಕೈಗೆ ಹಚ್ಚುವುದು ಬೇರೆಯೇ ಬೇಕು. ಡೀಟ್ ಹಚ್ಚಿದ ಕೈಯಲ್ಲಿ ಕನ್ನಡಕ ಹಿಡಿದು ಫ್ರೇಮಿನ ಹೊಳಪು ಹೋಯ್ತು, ಮಲ್ಟಿಮೀಟರಿನ ಗುಂಡಿ ಅಂಟಂಟಾಯ್ತು. ಡೀಟ್ ಪ್ಲಾಸ್ಟಿಕ್ ಕರಗಿಸುತ್ತದೆ. ಈಗ 20 ಪರ್ಸೆಂಟ್ ಪಿಕಾರಿಡಿನ್ ಬಳಸುತ್ತೇನೆ, ಆ ತೊಂದರೆ ಇಲ್ಲ. ಬಿಸಿಲಿನ ಕ್ರೀಮ್ ಮೊದಲು, ಇದು ಆಮೇಲೆ. ಇದೆಲ್ಲ ಮಾಡಿದರೂ ಮಲೇರಿಯಾ ಮಾತ್ರೆ ಬಿಡುವ ಹಾಗಿಲ್ಲ. ಯಾವ ಮಾತ್ರೆ ಅಂತ ಡಾಕ್ಟರನ್ನೇ ಕೇಳಿ. ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ, ಪ್ಯಾಂಟಿಗೆ ಅಷ್ಟು ಕೊಡಬಾರದಿತ್ತು. ಕಳೆದ ಸಲ ಊರಿಗೆ ಹೋದಾಗ ಶಿವಮೊಗ್ಗದಲ್ಲಿ ಖಾಕಿ ಡ್ರಿಲ್ ಬಟ್ಟೆ ತೆಗೆದುಕೊಂಡು ಸಡಿಲವಾಗಿ ಎರಡು ಪ್ಯಾಂಟ್ ಹೊಲಿಸಿದೆ. ಟ್ಸೆಟ್ಸೆಗೆ ಅದು ಕಂಪನಿ ಪ್ಯಾಂಟಿಗಿಂತ ಚೆನ್ನಾಗಿ ತಡೆಯಿತು, ಉಣುಗಿಗೆ ನನ್ನ ಸ್ಪ್ರೇ ಇದ್ದೇ ಇದೆ. ಒಂದೆರಡು ವಾರಕ್ಕೆ ಹೋಗುವವರಿಗೆ ಇಷ್ಟೇ ಸಾಕು. ನನ್ನ ಹಾಗೆ ತಿಂಗಳುಗಟ್ಟಲೆ ಇರುವವರು ಅಂಗಿಗೆ ಮಾತ್ರ ದುಡ್ಡು ಹಾಕಿ.

ಹಳೆ ಅಂಗಿಯ ಕಾಲರ್ ಹರಿದಿದೆ. ಅದೇ ಅಂಗಿ ಇನ್ನೊಂದು ತರಿಸಿದ್ದೇನೆ. ಪೊಟ್ಟಣ ಒಡೆದ ಕೂಡಲೇ ಪಟ್ಟಿ ಎತ್ತಿ ನೋಡಿದೆ. ಒಳಗೆ ಅದೇ ಕಡು ನೀಲಿ ಜಾಲರಿ. ಒಂದು ದಿನವೂ ಮೈಗೆ ಹಾಕದೆ ನೇರ ಫುಂಡಿಯ ಹತ್ತಿರ ಕೊಟ್ಟು ಬಂದೆ, ಜೊತೆಗೆ ಅಳತೆಗೆ ಹಳೆಯ ಅಂಗಿಯ ತೇಪೆಯನ್ನೂ ತೋರಿಸಿದೆ. ಗುರುವಾರ ಕೊಡುತ್ತೇನೆ ಅಂದಿದ್ದಾರೆ.